ಮಾಲನಳ ಮಾತೃಭಾಷೆ

ಮನೆತನಕ್ಕೇ ಮೊದಲ ಡಿಗ್ರಿ ತಂದವರಿಗೆ ಒಂದು ಕಷ್ಟವಿರುತ್ತದೆ. ತಂದದ್ದನ್ನು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಬಂದವರು ಓದುವುದಿಲ್ಲ, ಟ್ರಂಕಿನಲ್ಲಿಟ್ಟರೆ ತಂದದ್ದೇ ಸುಳ್ಳೆನಿಸುತ್ತದೆ. ನಾನು ನನ್ನ ಬಿ.ಎ.ಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡೆ. ಅಲಖನೂರಿನಲ್ಲಿ ಕುರಿ, ಎಮ್ಮೆ ಕಾಯ್ದು ಬಾಳಿದ ಮನೆ ನಮ್ಮದು. ಚಿಕ್ಕೋಡಿಯ ಕಾಲೇಜಿನಲ್ಲಿ ಮೊದಲ ದಿನ ಹಾಜರಿ ಕೂಗಿದಾಗ ಎದ್ದು ನಿಂತು ‘ಅದೀನ್ರಿ ಸರ್’ ಎಂದೆ. ಬೇರೆ ಕಡೆಯಿಂದ ಬಂದ ಇಬ್ಬರು ಹುಡುಗಿಯರು ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕರು. ಅಂದಿನಿಂದ ಕಳೆ ಕೀಳುವವರ ಹಾಗೆ ಒಂದೊಂದೇ ‘ಐತಿ’ಯನ್ನು ಬೇರುಸಮೇತ ಕಿತ್ತು ಅಲ್ಲಿ ‘ಇದೆ’ಯನ್ನು ನೆಟ್ಟೆ. ಇಂದಿಗೂ ಬಸ್ಸಿನಲ್ಲಿ ‘ದಯವಿಟ್ಟು ರಾಯಬಾಗಕ್ಕೆ ಒಂದು ಟಿಕೆಟ್ ಕೊಡಿ’ ಎನ್ನುತ್ತೇನೆ. ಕಂಡಕ್ಟರ್ ನನ್ನನ್ನು ಎಲ್ಲಿಂದಲೋ ತಪಾಸಣೆಗೆ ಬಂದವಳೆಂದು ತಿಳಿದು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾನೆ.

ಇಂಥ ನಾಲಿಗೆಗೆ ತಕ್ಕ ಕೆಲಸವೂ ಸಿಕ್ಕಿತು. ರಾಯಬಾಗದ ಒಂದು ಹಾಲಿನ ಸಂಘದಲ್ಲಿ ದನಗಳ ಕಾಯಿಲೆಗೆಂದು ಫೋನ್ ಸಹಾಯವಾಣಿ ತೆರೆದರು. ಫೋನ್ ಹಚ್ಚಿದರೆ ಮೊದಲು ಯಂತ್ರ ಮಾತನಾಡಬೇಕು, ಭಾಷೆ ಕೇಳಬೇಕು, ಆಮೇಲೆ ನಮ್ಮಂಥವರಿಗೆ ಜೋಡಿಸಬೇಕು. ಕನ್ನಡಕ್ಕೆ ಒಂದು, ಮರಾಠಿಗೆ ಎರಡು, ಕುಡಚಿಯ ಕಡೆಯ ಉರ್ದು ಮಾತಿನವರಿಗೆಂದು ಹಿಂದಿಗೆ ಮೂರು. ಕನ್ನಡದ ದನಿ ನನ್ನದು, ಮರಾಠಿಯದು ನಿಪ್ಪಾಣಿಯ ಸುನೀತಾಳದು. ಆಕೆ ಮನೆಯಲ್ಲಿ ಚಹಾಕ್ಕೆ ಕರೆಯುವ ಹಾಗೆ ನಾಲ್ಕು ಮಾತು ಆಡಿ ಎದ್ದುಬಿಟ್ಟಳು. ನಾನು ಮಾತ್ರ ಮತ್ತೆ ಮತ್ತೆ ಹೇಳಿ, ಗಂಟಲು ತೊಳೆದುಕೊಂಡು ಬಂದು ಹೇಳಿ, ಕೊನೆಗೆ ಹೀಗೆ ನಿಲ್ಲಿಸಿದೆ: ‘ನಮಸ್ಕಾರ. ಪಶು ಆರೋಗ್ಯ ಸಹಾಯವಾಣಿಗೆ ತಮಗೆ ಆತ್ಮೀಯ ಸ್ವಾಗತ. ಕನ್ನಡಕ್ಕಾಗಿ ದಯವಿಟ್ಟು ಒಂದನ್ನು ಒತ್ತಿರಿ.’ ಅದನ್ನು ಕೇಳಿದಾಗ ನನ್ನ ಡಿಗ್ರಿಯನ್ನು ಕೊನೆಗೂ ಊರೆಲ್ಲ ಕಾಣುವ ಗೋಡೆಗೆ ತೂಗುಹಾಕಿದಂತಾಯಿತು.

ಮನೆಯಲ್ಲಿ ಅವ್ವನಿಗೂ ತಾಕೀತು ಮಾಡಿದ್ದೆ. ಕೆಲಸದ ಹೊತ್ತಿನಲ್ಲಿ ನಮ್ಮ ಮೊಬೈಲು ಡ್ರಾವರಿನಲ್ಲಿರುತ್ತದೆ, ದನಕ್ಕೆ ಏನಾದರೂ ಆದರೆ ನನಗೆ ಹಚ್ಚಬೇಡ, ಎಲ್ಲರ ಹಾಗೆ ಸಹಾಯವಾಣಿಗೆ ಹಚ್ಚು ಎಂದು. ನಮ್ಮ ಮನೆಯ ದನವೆಂದರೆ ಮಾಲನ. ಅಪ್ಪ ಇದ್ದಾಗ ಮಹಾರಾಷ್ಟ್ರದ ಮಿರಜದ ಸಂತೆಯಿಂದ ತಂದ ಎಮ್ಮೆ. ನನ್ನ ಬಸ್ ಪಾಸು, ಪುಸ್ತಕ, ಪರೀಕ್ಷೆಯ ಫೀ ಎಲ್ಲ ಅದರ ಕೆಚ್ಚಲಿನಿಂದಲೇ ಬಂದದ್ದು. ಅವ್ವ ನನಗೆ ಬೈದಾಳು, ಮಾಲನಳಿಗೆ ಬೈಯಳು.

ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೋದ ಮೇಲೆ ಮಾಲನ ಮೇವು ಬಿಟ್ಟಿತು. ಎಡಗಡೆಯ ಹೊಟ್ಟೆ ಡೊಳ್ಳಿನಂತೆ ಉಬ್ಬಿತು, ಉಸಿರು ಮೇಲಾಯಿತು. ಅವ್ವ ಸಹಾಯವಾಣಿಗೆ ಹಚ್ಚಿದಳು. ಮುಂದಿನದನ್ನು ಅವಳು ಸಂಜೆ ನನ್ನೆದುರು ಎರಡೂ ದನಿಯಲ್ಲಿ ಆಡಿ ತೋರಿಸಿದಳು.

“‘ಸ್ವಾಗತ’ ಅಂದಿ. ‘ಯವ್ವಾ, ನಾನ ಬೇ, ನಿಮ್ಮವ್ವ. ಮಾಲನಂದು ಹೊಟ್ಟಿ ಉಬ್ಬೇತಿ’ ಅಂದ್ನಿ. ನೀ ಏನಂದಿ? ‘ಕ್ಷಮಿಸಿ, ತಮ್ಮ ಆಯ್ಕೆ ನಮಗೆ ತಿಳಿಯಲಿಲ್ಲ.’ ಹೆತ್ತಾಕೀಗೆ ‘ತಾವು’ ಅಂತೀಯೇನ ಬೇ? ಯಾವಾಗ ತಹಶೀಲ್ದಾರ ಆದಿ?”

“ಅವ್ವಾ, ಅದು ನಾನಲ್ಲ, ಯಂತ್ರ.”

“ನಿನ್ನ ದನಿ ನನಗ ಗೊತ್ತಿಲ್ಲೇನ? ಸಿಟ್ಟು ಬಂತು, ಇಟ್ಟ ಬಿಟ್ನಿ.”

ಇಟ್ಟು ಹೊರಗೆ ಬಂದರೆ ಮಾಲನ ಕಾಲು ಕುಸಿಯುವಂತೆ ನಿಂತಿತ್ತು. ಸಿಟ್ಟು ನುಂಗಿಕೊಂಡು ಮತ್ತೆ ಹಚ್ಚಿದಳು. ಈ ಸಲ ನನ್ನ ಸ್ವಾಗತಕ್ಕೆ ಉತ್ತರ ಕೊಡದೆ, ಮುಂದೆ ಏನು ಬರುತ್ತದೆಂದು ಕೇಳಿದಳು. ಮರಾಠಿ ಬಂದದ್ದೇ ಎರಡು ಒತ್ತಿದಳು.

“ಎರಡು ಯಾಕ? ನೀ ಕನ್ನಡದಾಕಿ ಅಲ್ಲೇನ?” ಎಂದೆ. ಗಾಬರಿಯಲ್ಲಿ ನನ್ನ ‘ಏಕೆ’ ಯಾವಾಗ ಬಿದ್ದುಹೋಯಿತೋ.

ಅವ್ವ ನನ್ನನ್ನು ಕನಿಕರದಿಂದ ನೋಡಿದಳು. “ಆಜಾರಿ ಆದದ್ದು ನಾನೇನ? ಮಾಲನ ಮಿರಜದ್ದು. ಡಾಕ್ಟರ ಬಂದು ಅದರ ಕೂಡ ಮಾತಾಡಬೇಕು, ನನ್ನ ಕೂಡ ಆತಗ ಏನ ಕೆಲಸ?”

ಅದನ್ನು ಕೇಳಿ ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಅವ್ವ ಫೋನ್ ಹಚ್ಚಿದ ಹೊತ್ತಿನಲ್ಲಿ ನಾನು ಸುನೀತಾಳ ಪಕ್ಕದ ಕುರ್ಚಿಯಲ್ಲೇ ಇದ್ದೆ. ಆಕೆ ಯಾರಿಗೋ “ಹೋ ಮಾವಶೀ, ಘಾಬರೂ ನಕಾ” ಎಂದು ಸಮಾಧಾನ ಹೇಳುವುದೂ, ಇನ್ನೊಂದು ಫೋನಿನಲ್ಲಿ ಡಾಕ್ಟರರನ್ನು ಅವಸರ ಮಾಡುವುದೂ ನನ್ನ ಕಿವಿಗೆ ಬಿದ್ದಿತ್ತು. ಪಾಪ, ಯಾರ ತಾಯಿಯೋ ಎಂದುಕೊಂಡಿದ್ದೆ. ಡಾಕ್ಟರರು ಬಂದು ಕೊಳವೆ ಹಾಕಿ ಗಾಳಿ ತೆಗೆದರಂತೆ. ಇನ್ನಷ್ಟು ತಡವಾಗಿದ್ದರೆ ಎಮ್ಮೆ ಉಳಿಯುತ್ತಿರಲಿಲ್ಲ ಎಂದರಂತೆ. “ಅಥಣಿ ಕಡಿಯಾಂವ ಅಂತ, ಕನ್ನಡದಾಂವ, ಆದ್ರೂ ಮರಾಠಿಯೊಳಗ ‘ಹಲೂ ನಕೋ ಬಾಯಿ’ ಅಂದ. ಅದು ಅಲುಗಾಡಲಿಲ್ಲ ನೋಡು” ಎಂದು ಅವ್ವ ತನ್ನ ವಾದಕ್ಕೆ ಮೊಳೆ ಹೊಡೆದಳು. ನನ್ನ ಕಣ್ಣು ಒದ್ದೆಯಾದದ್ದನ್ನು ನೋಡಿ, “ಆ ನಿಪ್ಪಾಣಿ ಹುಡುಗಿ ನನ್ನ ಮಗಳ ಹಂಗ ಮಾತಾಡಿದ್ಲು ಬಿಡು” ಎಂದೂ ಸೇರಿಸಿದಳು. ಸಮಾಧಾನಕ್ಕೆಂದೇ ಹೇಳಿದ್ದು, ಆದರೆ ಚುಚ್ಚಿತು.

ಮರುದಿನ ಸುನೀತಾಳಿಗೆ ಹೇಳಿದೆ. ಆಕೆ ನಗುವುದು ಬಿಟ್ಟು, “ಅಂದ್ರ ಅದಕ್ಕನ ಏನ?” ಎಂದಳು. ಕನ್ನಡದ ಹಳ್ಳಿಗಳವರು ತನ್ನ ಪಾಲಿಗೇ ಬಂದು ಕನ್ನಡದಲ್ಲೇ ಗೋಳು ಹೇಳಿಕೊಳ್ಳುತ್ತಿದ್ದರಂತೆ. ಎರಡು ಒತ್ತಿದ್ದೇಕೆಂದು ಕೇಳಿದರೆ ‘ಎತ್ತು ಮರಾಠಿ ಕಡೀದ್ರೀ ಬಾಯಾರ’ ಎನ್ನುತ್ತಿದ್ದರಂತೆ. ನನಗೂ ನೆನಪಾಯಿತು: ಕಾಗವಾಡದ ಕಡೆಯ ಮರಾಠಿ ಅಜ್ಜನೊಬ್ಬ ಒಂದು ಒತ್ತಿ, ತಡವರಿಸುತ್ತ ಕನ್ನಡ ಮಾತನಾಡಿದ್ದ. ಆಕಳನ್ನು ಕನ್ನಡದ ಊರಾದ ಕೊಕಟನೂರಿನಲ್ಲಿ ಕೊಂಡಿದ್ದನಂತೆ. ನನ್ನ ಉಚ್ಚಾರಕ್ಕೆ ಮನಸೋತಿದ್ದಾನೆಂದು ನಾನು ತಿಳಿದಿದ್ದೆ.

ತಿಂಗಳ ಕೊನೆಗೆ ನಮ್ಮ ಸಾಹೇಬರು ಕರೆಗಳ ತಖ್ತೆ ಹಿಡಿದು, “ನಮ್ಮ ಕಡೆ ಇಷ್ಟು ಮರಾಠಿ ಮಂದಿ ಎಲ್ಲಿದ್ರು?” ಎಂದು ಹಣೆ ಉಜ್ಜಿಕೊಂಡರು.

“ಮಂದಿ ಅಲ್ರಿ ಸಾಹೇಬ್ರ, ದನಾ” ಎಂದೆ.

ಅವರು ನಗುತ್ತಿದ್ದಾಗಲೇ ನನ್ನ ದನಿಯನ್ನು ಹೊಸದಾಗಿ ತುಂಬಿಸಲು ಒಪ್ಪಿಗೆ ಪಡೆದೆ. ಈಗ ಫೋನ್ ಹಚ್ಚಿದರೆ, ‘ನಮಸ್ಕಾರ್ರಿ. ದನಕ್ಕ ಏನಾಗೇತ್ರಿ? ಕನ್ನಡದಾಗ ಹೇಳೂದಿದ್ರ ಒಂದು ಒತ್ರಿ’ ಎಂದು ಕೇಳಿಸುತ್ತದೆ. ಸಾಹೇಬರು ಕೇಳಿ, “ಬಿ.ಎ. ಓದಿದವರ ಹಂಗ ಇಲ್ಲಲ್ಲ” ಎಂದರು. “ಫೋನ್ ಹಚ್ಚಾಕಿ ಓದಿಲ್ರಿ” ಎಂದೆ. ಒಳಗೊಳಗೆ ಮಾತ್ರ ಗೋಡೆಯಿಂದ ಚೌಕಟ್ಟು ಇಳಿಸಿದಷ್ಟು ಸಂಕಟವಾಯಿತು. ಅವ್ವನಿಗೆ ಕೇಳಿಸಿದೆ. “ಈಗ ಮನಿಗೆ ಬಂದಿ ನೋಡು” ಎಂದಳು. ಮಾಲನಳ ವಿಷಯಕ್ಕೆ ಮಾತ್ರ ಇನ್ನೂ ಎರಡನ್ನೇ ಒತ್ತುತ್ತಾಳೆ.

ಮೊನ್ನೆ ಭಾನುವಾರ ಮಾಲನಳಿಗೆ ನೀರು ತೋರಿಸಲು ಹೋದೆ. “ಬಾ, ನೀರು ಕುಡಿ ಬಾ” ಎಂದೆ. ಕಿವಿಯೂ ಅಲುಗಲಿಲ್ಲ. “ಮಾಲನ, ದಯವಿಟ್ಟು ಬಾ” ಎಂದೆ. ಅದು ಬಾಲ ಬೀಸಿ ಇನ್ನೊಂದು ಕಡೆ ತಿರುಗಿತು. ಒಳಗಿನಿಂದ ಅವ್ವನ ದನಿ ಬಂತು.

“ಎರಡು ಒತ್ತ ಬೇ.”

ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ “ಯೇ ಗಂ ಬಾಯಿ, ಯೇ” ಎಂದೆ. ಮಾಲನ ಬಂದಿತು.