ಒಬ್ಬಾಳಿನ ಅಟ್ಟಣಿಗೆ

ಪೇಂಟರ್: ಇಲ್ಲೇ ಚೀಟಿ ಅಂಟಿಸಿದಾರೆ, ಓದಿ ನೋಡು. "ಒಬ್ಬರ ಬಳಕೆಗೆ ಮಾತ್ರ." ನಾನು ಬರೆದಿದ್ದಲ್ಲ, ಕಂಪನಿಯವರು ಬರೆದಿದ್ದು.

ಹೆಂಡತಿ: ಕಂಪನಿಯವರಿಗೆ ನಾನೇನು ಮಾಡಿದ್ದೆ?

ಪೇಂಟರ್: ನಿನ್ನ ಮೇಲೆ ಹಗೆ ಇಟ್ಕೊಂಡು ಬರೆದಿದ್ದಲ್ಲ ಕಣೇ. ಹತ್ತೋನು ಒಬ್ಬ ಇದ್ರೆ ಸಾಕು, ಕೆಳಗೆ ಹಿಡ್ಕೊಳ್ಳೋರು ಬೇಡ ಅಂತ ಅರ್ಥ.

ಹೆಂಡತಿ: ಅದನ್ನ ಬೆಳಿಗ್ಗೆ ಮನೇಲೇ ಹೇಳಬಹುದಿತ್ತು.

ಪೇಂಟರ್: ಹೇಳಿದ್ನಲ್ಲ. "ಇವತ್ತು ನೀನು ಬರಬೇಡ, ಆರಾಮಾಗಿ ಮಲಕ್ಕೋ" ಅಂದೆ.

ಹೆಂಡತಿ: ಮದುವೆಯಾದಾಗಿನಿಂದ ನೀವು ನನಗೆ ಆರಾಮಾಗಿ ಮಲಕ್ಕೋ ಅಂದಿದ್ದು ಇವತ್ತೇ ಮೊದಲು. ಅನುಮಾನ ಬಂತು, ಅದಕ್ಕೇ ಹಿಂದೇನೇ ಬಂದೆ.

ಮಾತು ನಡೆದಿದ್ದು ಪಿಟೀಲು ಟೀಚರ ಮನೆಯ ಒಳಮೆಟ್ಟಿಲ ಬುಡದಲ್ಲಿ, ಚಳಿಗಾಲದ ಒಂದು ಮಧ್ಯಾಹ್ನ. ಇಪ್ಪತ್ತೆರಡು ವರ್ಷದಿಂದ ಅವನು ಏಣಿ ಹತ್ತಿ ಊರವರ ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದ, ಅವಳು ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದಳು. ಈಗ ಏಣಿಯ ಜಾಗದಲ್ಲಿ ಹೊಸ ಅಟ್ಟಣಿಗೆ ನಿಂತಿತ್ತು. ಮಂಚದ ಹಾಗೆ ಮಡಚಿಕೊಂಡು ಬಾಗಿಲಲ್ಲಿ ತೂರಿ ಬರುವ, ನಾಲ್ಕು ಕಾಲನ್ನೂ ಬೇರೆ ಬೇರೆ ಉದ್ದಕ್ಕೆ ಎಳೆದು ಪಿನ್ನು ಹಾಕಬಹುದಾದ ಅಲ್ಯೂಮಿನಿಯಂ ವಸ್ತು. ಅದರ ಎರಡು ಗಿಡ್ಡ ಕಾಲು ಮೂರನೆಯ ಮೆಟ್ಟಿಲ ಮೇಲಿದ್ದವು, ಎರಡು ಉದ್ದ ಕಾಲು ನೆಲದ ಮೇಲೆ. ಆಳೆತ್ತರದಲ್ಲಿದ್ದ ಹಲಗೆ ಮಾತ್ರ ನಿಂತ ನೀರಿನಷ್ಟು ಮಟ್ಟಸವಾಗಿತ್ತು. ಹಲಗೆಯ ಸುತ್ತ ಸೊಂಟದೆತ್ತರಕ್ಕೆ ಕಂಬಿ. ಪೇಂಟರ್ ಬೆಳಗಿನಿಂದ ಅದನ್ನು ಐದಾರು ಸಲ ಸವರಿದ್ದ. ಹೆಂಡತಿ ಅದರ ಲೆಕ್ಕ ಇಟ್ಟಿದ್ದಳು.

ಒಳಗಿನ ಕೋಣೆಯಿಂದ ಟೀಚರು ಪಿಟೀಲಿನ ಕಮಾನು ಹಿಡಿದೇ ಹೊರಬಂದರು.

ಟೀಚರ್: ನಾಲ್ಕು ಗಂಟೆಗೆ ಹದಿನಾಲ್ಕು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಎಲ್ಲ ಬರ್ತಾರೆ. ಮಕ್ಕಳು ಇದೇ ಮೆಟ್ಟಿಲ ಮೇಲೆ ಸಾಲಾಗಿ ನಿಂತು ನುಡಿಸಬೇಕು. ಹಿಂದಿನ ಗೋಡೆ ನಿನ್ನೆಯಿಂದ ಅರ್ಧ ಹೊಸ ಹಳದಿ, ಅರ್ಧ ಹಳೇ ಬೂದಿ. ಅಷ್ಟರೊಳಗೆ ಮುಗಿಯತ್ತೆ ತಾನೆ?

ಪೇಂಟರ್: ಮುಗಿಯತ್ತೆ ಮೇಡಂ. ಬೇಗ ಒಣಗೋ ಬಣ್ಣ. ಅದೂ ಅಲ್ದೆ ಇವತ್ತು ನಾನೊಬ್ಬನೇ.

ಟೀಚರ್: ಒಬ್ಬರೇ ಅಂದ್ರೆ ಇನ್ನೂ ತಡ ಆಗಲ್ವಾ? ಇವರೂ ಇದಾರಲ್ಲ.

ಹೆಂಡತಿ: ನಾನು ಇಲ್ಲಿಲ್ಲ ಮೇಡಂ.

ಟೀಚರ್: ಮತ್ತೆಲ್ಲಿದೀರಿ?

ಹೆಂಡತಿ: ಮನೇಲಿ ಮಲಗಿದೀನಿ.

ಟೀಚರು ಇಬ್ಬರ ಮುಖವನ್ನೂ ನೋಡಿದರು. ಮೂವತ್ತು ವರ್ಷ ಮಕ್ಕಳ ಅಪಸ್ವರ ಕೇಳಿದ ಕಿವಿ ಅವರದು. ಎಲ್ಲಿ ಬಾಯಿ ಹಾಕಬಾರದು ಎಂದು ಗೊತ್ತಿತ್ತು. ಒಳಗೆ ಹೋಗಿ ಅಭ್ಯಾಸ ಮುಂದುವರಿಸಿದರು. ಹೆಂಡತಿ ಒಂದು ಕುರ್ಚಿ ಎಳೆದುಕೊಂಡು ಅಟ್ಟಣಿಗೆಯ ಎದುರಿಗೇ ಕೂತಳು. ಪೇಂಟರ್ ಮೇಲೆ ಹತ್ತಿದ, ಕಂಬಿ ಅಲ್ಲಾಡಿಸಿ ನೋಡಿದ, ಖುಷಿಯಾಗಿ ಕೈ ಕೆಳಗೆ ಚಾಚಿದ.

ಪೇಂಟರ್: ಆ ದೊಡ್ಡ ಬ್ರಷ್ಷು ಕೊಡು.

ಹೆಂಡತಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ಪೇಂಟರ್: ಕೇಳಿಸ್ತಾ? ನಿನ್ನ ಕಾಲ ಹತ್ರಾನೇ ಇದೆ.

ಹೆಂಡತಿ: ಮಲಗಿರೋರನ್ನ ಎಬ್ಬಿಸಬಾರದು.

ಅವನು ಇಳಿದ, ಬ್ರಷ್ಷು ತೆಗೆದುಕೊಂಡು ಹತ್ತಿದ. ಬಣ್ಣದ ಡಬ್ಬಿ ಕೆಳಗಿತ್ತು. ಇಳಿದು ಅದನ್ನು ತಂದ. ಆಮೇಲೆ ಕನ್ನಡಕ, ಆಮೇಲೆ ಒರೆಸುವ ಬಟ್ಟೆ. ಇಷ್ಟು ವರ್ಷ ಕೈ ಚಾಚಿದರೆ ಬ್ರಷ್ಷು ತಾನಾಗಿ ಕೈಗೆ ಬರುತ್ತಿತ್ತು. ಅದಕ್ಕೆ ಯಾರಾದರೂ ಬಗ್ಗಿ ಏಳಬೇಕು ಎಂಬುದು ಅವನ ಮಂಡಿಗೆ ಇವತ್ತು ತಿಳಿಯಿತು.

ಹೆಂಡತಿ: ನಾಲ್ಕು ಸಲ ಆಯ್ತು. ಇಳಿಯೋದೂ ಒಬ್ಬರೇ ಅಂತ ಕಂಪನಿಯವರು ಬರೆದಿದಾರಾ?

ಪೇಂಟರ್: ವ್ಯಾಯಾಮ ಆಗತ್ತೆ ಬಿಡು.

ಹೆಂಡತಿ: ನಿಜ ಹೇಳಿ. ಯಾಕೆ ತಂದ್ರಿ ಇದನ್ನ?

ಪೇಂಟರ್: ಸುರಕ್ಷಿತ ಅಂತ.

ಹೆಂಡತಿ: ಇಷ್ಟು ವರ್ಷದಲ್ಲಿ ಒಂದು ಸಲ ಬಿದ್ದಿದೀರಾ?

ಪೇಂಟರ್: ಇಲ್ಲ.

ಹೆಂಡತಿ: ಜಾರಿದ್ದು?

ಪೇಂಟರ್: ಅದೂ ಇಲ್ಲ.

ಹೆಂಡತಿ: ಮತ್ತೆ?

ಇಲ್ಲಿ ಅವನು ಸುಮ್ಮನಿದ್ದಿದ್ದರೆ ಆ ಮಧ್ಯಾಹ್ನ ಬೇರೆ ಥರ ಕಳೆಯುತ್ತಿತ್ತು. ಆದರೆ ಹೊಸ ಹಲಗೆಯ ಮೇಲೆ ನಿಂತವನಿಗೆ ಸ್ವಲ್ಪ ಧೈರ್ಯ ಹೆಚ್ಚಾಗಿತ್ತು.

ಪೇಂಟರ್: ಮತ್ತೆ ನಿನ್ನ ಬಾಯಿ. ನಾನು ಮೇಲೆ ಹೋದ ತಕ್ಷಣ ಕೆಳಗಿಂದ ಶುರು. ಬಲಕ್ಕೆ ಬಿಟ್ರಿ, ಎಡಕ್ಕೆ ಗೆರೆ ಬಿತ್ತು, ಪಕ್ಕದ ಮನೆಯವರು ಹೊಸ ಸೋಫಾ ತಗೊಂಡ್ರು, ನಿಮ್ಮ ತಮ್ಮ ಫೋನೇ ಮಾಡಲ್ಲ. ಒಂದು ದಿನ, ಒಂದೇ ಒಂದು ದಿನ, ಗೋಡೆ ನಾನು ಇಬ್ಬರೇ ಇರಬೇಕು ಅನ್ನಿಸ್ತು.

ಹೆಂಡತಿ ಕೈ ಕಟ್ಟಿಕೊಂಡು ಗೋಡೆ ನೋಡತೊಡಗಿದಳು. ಅವಳ ಮಾತಿಗೆ ಅವನು ಒಗ್ಗಿಹೋಗಿದ್ದ, ಮೌನಕ್ಕೆ ಒಗ್ಗಿರಲಿಲ್ಲ. ಬ್ರಷ್ಷು ಅದ್ದಿ ಎರಡು ಪಟ್ಟಿ ಬಳಿದ. ಬೆನ್ನ ಹಿಂದೆ ಏನೋ ಕುದಿಯುತ್ತಿರುವ ಹಾಗೆ ಅನ್ನಿಸಿ ಮೂರನೆಯ ಪಟ್ಟಿ ಸೊಟ್ಟಗಾಯಿತು. ಅದನ್ನೂ ಅವಳು ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, ಬಹಳ ಮೆತ್ತಗೆ ಬಾಯಿ ತೆರೆದಳು.

ಹೆಂಡತಿ: ಬಾಯಿ ಯಾಕೆ ಅಷ್ಟು ಆಡ್ತಿತ್ತು ಗೊತ್ತಾ? ಕಾಲಿಗೆ ಬೇಜಾರಾಗಬಾರದು ಅಂತ.

ಪೇಂಟರ್: ಕಾಲಿಗ್ಯಾಕೆ ಬೇಜಾರು?

ಹೆಂಡತಿ: ಏಣಿ ಹಿಡೀತಿದ್ದಿದ್ದು ಅದೇ ಅಲ್ವಾ.

ಪೇಂಟರ್: ಏಣಿನ ಕಾಲಲ್ಲಿ ಹಿಡೀತಿದ್ಯಾ?

ಹೆಂಡತಿ: ಒಂದು ಕಾಲಲ್ಲಿ. ಏಣಿಯ ಕೆಳಗಿನ ಅಡ್ಡಪಟ್ಟಿ ಮೇಲೆ ಸುಮ್ನೆ ಇಟ್ಟಿರ್ತಿದ್ದೆ. ಕೈಲಿ ಹೆಣಿಗೆ. ನೀವು ಹಾಕ್ಕೊಂಡಿದೀರಲ್ಲ ಆ ಸ್ವೆಟರ್, ಅದು ಎಲ್ಲಿ ಹೆಣೆದಿದ್ದು ಅಂದ್ಕೊಂಡಿದೀರಿ?

ಪೇಂಟರ್ ತಲೆ ಬಗ್ಗಿಸಿ ಎದೆ ನೋಡಿಕೊಂಡ. ಹಸಿರು ಉಣ್ಣೆಯ ಸ್ವೆಟರು, ಮೈತುಂಬ ಹಳೆಯ ಬಣ್ಣದ ಚುಕ್ಕೆ. ಎಷ್ಟೋ ಚಳಿಗಾಲ ಅವನನ್ನು ಬೆಚ್ಚಗಿಟ್ಟಿದ್ದ ಅದು ಮೊದಲ ಸಲ ಅವನಿಗೆ ಚಳಿ ಹುಟ್ಟಿಸಿತು.

ಪೇಂಟರ್: ಆಸ್ಪತ್ರೆ ಕೆಲಸ? ಮೂರನೇ ಮಹಡಿ ಕಿಟಕಿ?

ಹೆಂಡತಿ: ಅಲ್ಲಿ ಬೆನ್ನಿನ ಭಾಗ ಮುಗೀತು.

ಪೇಂಟರ್: ಗಡಿಯಾರದ ಗೋಪುರ?

ಹೆಂಡತಿ: ಎರಡು ತೋಳು. ಗಾಳಿ ಜಾಸ್ತಿ ಇತ್ತು ಅವತ್ತು. ಉಣ್ಣೆ ಉಂಡೆ ಉರುಳಿಕೊಂಡು ರಸ್ತೆ ದಾಟಿ ಹೋಯ್ತು. ತರೋಕೆ ಹೋಗಿದ್ದೆ.

ಪೇಂಟರ್: ಏಣಿ ಬಿಟ್ಟು?

ಹೆಂಡತಿ: ಏಣಿ ಹೊತ್ಕೊಂಡು ಹೋಗೋಕಾಗತ್ತಾ?

ಪೇಂಟರ್ ಹಲಗೆಯ ಮೇಲೆ ಕುಳಿತ. ಇಪ್ಪತ್ತೆರಡು ವರ್ಷದಲ್ಲಿ ಅವನು ಬೀಳದೆ ಉಳಿದಿದ್ದ ಅಷ್ಟೂ ಎತ್ತರಗಳು ಒಟ್ಟಿಗೆ ಬಂದು ಕಣ್ಣ ಮುಂದೆ ನಿಂತವು. ಎರಡೂ ಕೈಯಲ್ಲಿ ಕಂಬಿ ಹಿಡಿದು ಕೆಳಗೆ ನೋಡಿದ. ಆಳೆತ್ತರ, ಅಷ್ಟೇ. ಗೋಪುರ ಹತ್ತಿದವನಿಗೆ ಆ ಆಳೆತ್ತರದಲ್ಲಿ ನೆಲ ಸಣ್ಣಗೆ ತಿರುಗುತ್ತಿರುವ ಹಾಗೆ ಕಂಡಿತು.

ಪೇಂಟರ್: ಇಳಿಸಿ. ಯಾರಾದ್ರೂ ಇಳಿಸಿ.

ಒಳಗೆ ಪಿಟೀಲು ಥಟ್ಟನೆ ನಿಂತಿತು.

ಟೀಚರ್: ಶ್ರುತಿನಾ? ಜಾಸ್ತಿ ಆಯ್ತಾ?

ಪೇಂಟರ್: ಶ್ರುತಿ ಅಲ್ಲ ಮೇಡಂ, ನನ್ನನ್ನ.

ಟೀಚರು ಹೊರಬಂದು ನೋಡಿದರೆ ಪೇಂಟರ್ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಕಂಬಿ ತಬ್ಬಿಕೊಂಡು, ಕಣ್ಣು ಮುಚ್ಚಿ ಕೂತಿದ್ದ. ಗೋಡೆ ಇನ್ನೂ ಅರ್ಧ ಹಳದಿ, ಅರ್ಧ ಬೂದಿ.

ಟೀಚರ್: ಏನು ಮಾಡ್ತಿದಾರೆ ಇವರು?

ಹೆಂಡತಿ: ಗೋಡೆ ಜೊತೆ ಇದಾರೆ.

ಟೀಚರ್: ಎರಡೂವರೆ ಆಯ್ತು. ಪಕ್ಕದ ಮನೆಯವರನ್ನ ಕರೀಲಾ? ಅಗ್ನಿಶಾಮಕದವರಿಗೆ ಫೋನ್ ಮಾಡ್ಲಾ?

ಪೇಂಟರ್: ಯಾರನ್ನೂ ಕರೀಬೇಡಿ ಮೇಡಂ. ಈ ಊರಲ್ಲಿ ಇನ್ನೂ ಕೆಲಸ ಮಾಡ್ಕೊಂಡಿರಬೇಕು ನಾನು.

ಟೀಚರ್: ಹಾಗಾದ್ರೆ ನಾನೇ ಕೈ ಕೊಡ್ತೀನಿ, ಇಳೀರಿ.

ಪೇಂಟರ್: ನಿಮ್ಮ ಕೈ ಪಿಟೀಲು ಹಿಡಿಯೋ ಕೈ ಮೇಡಂ. ಸಾಲದು. ಏನೇ, ನೀನು ಬಾ. ಬಂದು ಹಿಡ್ಕೋ.

ಹೆಂಡತಿ: ಯಾರನ್ನ?

ಪೇಂಟರ್: ಇದನ್ನ. ಅಟ್ಟಣಿಗೇನ.

ಹೆಂಡತಿ: ಅದು ಹಿಡ್ಕೊಳ್ಳೋರು ಬೇಡದೆ ಇರೋ ವಸ್ತು.

ಪೇಂಟರ್: ಗೊತ್ತು. ಆದ್ರೂ ಹಿಡ್ಕೋ.

ಹೆಂಡತಿ: ಕಾಲಲ್ಲಾ, ಕೈಲಾ?

ಪೇಂಟರ್: ಕೈಲಿ. ಎರಡೂ ಕೈಲಿ.

ಹೆಂಡತಿ: ಹಿಡ್ಕೊಂಡಾಗ ಮಾತಾಡಬಹುದಾ?

ಪೇಂಟರ್: ಆಡು.

ಹೆಂಡತಿ: ಎಷ್ಟು?

ಪೇಂಟರ್: ಎಷ್ಟು ಬೇಕಾದ್ರೂ ಆಡು ಮಾರಾಯ್ತಿ.

ಟೀಚರು ಕಮಾನು ಹಿಡಿದ ಕೈಯಿಂದ ಬಾಯಿ ಮುಚ್ಚಿ ನಗು ತಡೆದುಕೊಂಡರು. ಹೆಂಡತಿ ನಿಧಾನಕ್ಕೆ ಎದ್ದು, ಬೇಕೆಂದೇ ಕುರ್ಚಿಯನ್ನು ಗೋಡೆಗೆ ಸರಿಸಿ, ಅಟ್ಟಣಿಗೆಯ ಎರಡು ಕಾಲನ್ನು ಎರಡು ಕೈಯಲ್ಲಿ ಹಿಡಿದಳು. ಪೇಂಟರ್ ಒಂದೊಂದೇ ಅಡ್ಡಪಟ್ಟಿ ಇಳಿದ. ಕೊನೆಯ ಅಡ್ಡಪಟ್ಟಿಯಲ್ಲಿ ಅವಳು ಕೈ ಕೊಟ್ಟಳು. ಅವನು ಅದನ್ನು ಹಿಡಿದು ನೆಲ ಮುಟ್ಟಿದ, ಉಸಿರು ಬಿಟ್ಟ, ಆದರೆ ಕೈ ಬಿಡಲಿಲ್ಲ. ತಿರುಗಿಸಿ ನೋಡಿದ. ಬೆರಳುಗಳ ಬುಡದುದ್ದಕ್ಕೂ ಒಂದು ದಪ್ಪ ಗಟ್ಟಿ ಗೆರೆ. ಇನ್ನೊಂದು ಕೈ ಎಳೆದು ನೋಡಿದ. ಅಲ್ಲೂ ಅದೇ. ಅಷ್ಟಗಲದ ಗೆರೆ ಬೀಳಿಸುವ ಅಂಚು ಅವನಿಗೆ ಒಂದೇ ಒಂದು ಗೊತ್ತಿತ್ತು, ದಿನಾ ಹತ್ತುತ್ತಿದ್ದ ಏಣಿಯದು.

ಪೇಂಟರ್: ಕಾಲಲ್ಲಿ ಹಿಡಿದೋರ ಕೈ ಯಾಕೆ ಹೀಗಾಗಿದೆ?

ಹೆಂಡತಿ: ಬಟ್ಟೆ ಒಗೆದು.

ಪೇಂಟರ್: ನಮ್ಮ ಮನೇಲಿ ಬಟ್ಟೆ ಒಗೆಯೋನು ನಾನು.

ಅವಳು ಕೈ ಬಿಡಿಸಿಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ಪೇಂಟರನ ಮುಖಕ್ಕೆ ರಕ್ತ ವಾಪಸು ಬಂತು.

ಪೇಂಟರ್: ಈ ಸ್ವೆಟರ್?

ಹೆಂಡತಿ: ನಿಮ್ಮಕ್ಕ ಹೆಣೆದು ಪಾರ್ಸಲ್ ಕಳಿಸಿದ್ರು. ನನಗೆ ಹೆಣಿಗೇನೇ ಬರಲ್ಲ. ಇಷ್ಟು ವರ್ಷ ಜೊತೆಗಿದ್ದು ಅಷ್ಟೂ ಗೊತ್ತಿಲ್ಲ ನಿಮಗೆ.

ಪೇಂಟರ್: ರಸ್ತೆ ದಾಟಿದ ಉಂಡೆ?

ಹೆಂಡತಿ: ಅವತ್ತು ಗೋಪುರದ ಹತ್ರ ನನ್ನ ಚಪ್ಪಲಿ ಕಿತ್ತುಹೋಗಿತ್ತು. ಸರಿ ಮಾಡ್ಕೊಳ್ಳೋಕೆ ಬಗ್ಗಲೂ ಇಲ್ಲ, ಮಧ್ಯಾಹ್ನದವರೆಗೆ ಹಾಗೇ ನಿಂತಿದ್ದೆ.

ಪೇಂಟರ್ ಸ್ವೆಟರಿನ ತುದಿ ಎಳೆದು ಸರಿಮಾಡಿಕೊಂಡ.

ಪೇಂಟರ್: ಬಾಯಿ ತಪ್ಪಿ ಏನೋ ಅಂದೆ. ತಪ್ಪಾಯ್ತು.

ಹೆಂಡತಿ: ನನಗ್ಯಾಕೆ ಹೇಳ್ತೀರಿ, ಗೋಡೆಗೆ ಹೇಳಿ. ಅದೂ ಕಾಯ್ತಾ ಇದೆ.

ಟೀಚರ್: ನಾನೂ ಕಾಯ್ತಾ ಇದೀನಿ. ಮೂರಾಗ್ತಾ ಬಂತು.

ಅವನು ಮತ್ತೆ ಹತ್ತಬೇಕಾಯಿತು. ಬುದ್ಧಿಗೆ ಎಲ್ಲ ಸರಿಯಾಗಿ ತಿಳಿದಿತ್ತು. ಮೊಣಕಾಲಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಹೆಂಡತಿ ಎರಡೂ ಕೈಯಲ್ಲಿ ಹಿಡಿದ ಮೇಲೆಯೇ ಕಾಲು ಎತ್ತಿದ. ಮೇಲೆ ನಿಂತು, ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿದ.

ಪೇಂಟರ್: ಹಿಡಿದಿದೀಯಾ?

ಹೆಂಡತಿ: ಹಿಡಿದಿದೀನಿ. ಬಲಕ್ಕೆ ಅಂಗೈಯಗಲ ಬಿಟ್ರಿ.

ಅವನು ಅಂಗೈಯಗಲ ತುಂಬಿದ. ಅವಳು ಮಾತಾಡುತ್ತ ಹೋದಳು, ಅವನು ಬಳಿಯುತ್ತ ಹೋದ. ಹತ್ತಿರದಿಂದ ಅವನಿಗೆ ಕಾಣದ ಗೆರೆ, ಕಲೆ, ತೇಪೆ ಎಲ್ಲ ಅವಳ ಬಾಯಿಂದ ಒಂದೊಂದಾಗಿ ಕಾಣಿಸಿಕೊಂಡವು. ನಡುವೆ ಪಕ್ಕದ ಮನೆಯ ಸೋಫಾದ ಬಣ್ಣ ಬಂತು, ಅದು ಆ ಮನೆಗೆ ಒಪ್ಪುವುದಿಲ್ಲ ಎಂಬುದೂ ಬಂತು. ಪೇಂಟರ್ ಹೂಂಗುಟ್ಟಿದ. ಕೈ ತನ್ನ ಹಳೆಯ ಲಯ ಹಿಡಿಯಿತು.

ಪೇಂಟರ್: ಹಿಡಿದಿದೀಯಾ?

ಹೆಂಡತಿ: ಹಿಡಿದಿದೀನಿ. ಮೂಲೇಲಿ ಬೂದಿ ಇಣುಕ್ತಿದೆ ನೋಡಿ.

ಮೂಲೆ ಮುಗಿಯಿತು. ಕಿಟಕಿಯ ಮೇಲ್ಭಾಗ ಮುಗಿಯಿತು. ಸೊಟ್ಟಗಾಗಿದ್ದ ಮೂರನೆಯ ಪಟ್ಟಿ ಎಲ್ಲಿತ್ತು ಎಂಬುದೇ ತಿಳಿಯದ ಹಾಗಾಯಿತು. ಅವನು ಕಂಬಿ ಬಿಟ್ಟು, ತುದಿಗಾಲಲ್ಲಿ ನಿಂತು, ಚಾವಣಿಗೆ ಅಂಟಿದ ಕೊನೆಯ ಪಟ್ಟಿ ಎಳೆಯುತ್ತಿದ್ದ.

ಪೇಂಟರ್: ಹಿಡಿದಿದೀಯಾ?

ಹೆಂಡತಿ: ಹಿಡಿದಿದೀನಿ, ಹಿಡಿದಿದೀನಿ.

ಧ್ವನಿ ತುಸು ದೂರದಿಂದ ಬಂದಂತಿತ್ತು. ಪೇಂಟರ್ ಬ್ರಷ್ಷು ಡಬ್ಬಿಯಲ್ಲಿಟ್ಟು ಹಿಂತಿರುಗಿ ನೋಡಿದ. ಅಟ್ಟಣಿಗೆಯ ಬುಡದಲ್ಲಿ ಯಾರೂ ಇರಲಿಲ್ಲ. ಹಜಾರದ ಆಚೆ ತುದಿಯಲ್ಲಿ, ಇಡೀ ಗೋಡೆ ಕಾಣುವ ಜಾಗದಲ್ಲಿ, ಹೆಂಡತಿ ಮತ್ತು ಟೀಚರು ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಕಾಲು ಚಾಚಿ ಕೂತಿದ್ದರು.

ಪೇಂಟರ್: ಏನನ್ನ ಹಿಡಿದಿದೀಯೇ?

ಹೆಂಡತಿ: ಕಾಫಿ ಲೋಟನ. ಎರಡೂ ಕೈಲಿ.