ಮಲೇರಿಯಾ ಹುಳದ ಉಪವಾಸ

ಹೌದಪ್ಪ, ಇನ್ನೂ ಮುಗೀಲಿಲ್ಲೆ ನನ್ನ ಪಿಎಚ್‌ಡಿ. ಮುಗಿಯುದಾದ್ರೂ ಹ್ಯಾಂಗೆ? ಬ್ರಹ್ಮಾವರದ ಕಾಲೇಜಲ್ಲಿ ಪಾಠ ಮಾಡ್ಕಂಡು, ಐವತ್ತರ ಹತ್ರ ಬಂದವ ಸಂಶೋಧನೆಗೆ ಹೊರಟ್ರೆ ಊರಿಗೆ ಊರೇ ಸಹಾಯಕ್ಕೆ ನಿಲ್ಲತ್ತ್. ಅದೇ ತೊಂದರೆ.

೧. ಬಾಡಿಗೆದಾರ

ತೆಕ್ಕಟ್ಟೆಲಿ ಬಸ್ಸಿಗೆ ಕಾಯ್ತಿದ್ದೆ. ಮುಂಬಯಿಲಿ ಹೋಟ್ಲು ನಡೆಸಿ ಬಂದ ನೆರೆಮನೆಯವ್ರು ಕೇಂಡ್ರ್, "ಹ್ವಾಯ್, ಎಂತದ್ ಮಾರಾಯ್ರೆ ನಿಮ್ಮ ಸಂಶೋಧನೆ?"

ಹೇಳ್ದೆ. ಮಲೇರಿಯಾ ಹುಳ ಕೆಂಪು ರಕ್ತಕಣದ ಒಳಗೆ ಹೊಕ್ಕತ್ತ್. ಅಲ್ಲಿದ್ದ ಬಾಗ್ಲು ಸಾಕಾತಿಲ್ಲೆ ಅಂತ ಗೋಡೆಗೆ ತನ್ನದೇ ಹೊಸ ಬಾಗ್ಲು ತೆಗ್ದು, ಹೊರಗಿಂದ ಊಟ ತರ್ಸ್ಕಂತ್ತ್. ಜ್ವರಕ್ಕೆ ಕಷಾಯ ಮಾಡು ಕಿರಾತಕಡ್ಡಿ ಗಿಡದಲ್ಲಿಪ್ಪ ಒಂದು ಕಹಿ ಅಂಶ ಆ ಬಾಗ್ಲು ಮುಚ್ಚತ್ತಾ ಅಂತ ನಾನು ಕಾಂಬುದು. ಮುಚ್ಚಿದ್ರೆ ಹುಳ ಉಪವಾಸ ಬಿದ್ದು ಸಾಯತ್ತ್.

"ಓನರಿಗೆ ಹೇಳ್ದೆ ಕೇಣ್ದೆ ಬಾಗ್ಲು ತೆಗ್ದದ್ದಾ?" ಅಂದ್ರ್.

ಹೌದು ಅಂದೆ.

"ಹಂಗಾರೆ ಔಷಧಿಗೆಲ್ಲ ಹೋಪುದಲ್ಲ ಅದ್. ದಾದರಲ್ಲಿ ನನ್ನ ರೂಮಲ್ಲೂ ಅಂಥವ ಒಬ್ಬ ಇದ್ದಿದ್ದ. ಈಗ್ಳೂ ಇದ್ದ."

೨. ಜ್ವರ ಯಾರಿಗೆ

ಗೈಡು ಕಡೇ ಮಾತು ಹೇಳಿದ್ರು: "ಸೋಮವಾರ ಫಲಿತಾಂಶ ತೋರ್ಸಿ. ಇಲ್ಲದಿದ್ರೆ ಬೇರೆ ವಿಷಯ ಹುಡುಕಿ."

ಬೇಸಿಗೆಗೆ ಎಲ್ಲ ಕಡೆ ಕಿರಾತಕಡ್ಡಿ ಗಿಡ ಒಣಗಿದ್ದಿತ್. ಗುಲ್ವಾಡಿಲಿ ಒಬ್ರು ಅಜ್ಜಿಯ ಬಾವಿಕಟ್ಟೆ ಹತ್ರ ಮಾತ್ರ ಹಸ್ರು ಉಳ್ದಿತ್. ಕೊಡ್ತ್ರಾ ಅಂತ ಕೇಂಡೆ.

"ಜ್ವರ ಯಾರಿಗೆ?"

"ಯಾರಿಗೂ ಇಲ್ಲೆ, ಕಾಲೇಜಿಗೆ."

"ಹುಷಾರಿದ್ದವ್ರಿಗೆ ನಾ ಮದ್ದು ಕೊಡುದಿಲ್ಲೆ."

ಕಡೆಗೆ ಜ್ವರ ನಂಗೇ ಅಂದೆ. ಗಿಡ ಸಿಕ್ತ್. ಸಿಕ್ಕುಕ್ ಮುಂಚೆ ಒಂದು ಲೋಟ ಕಷಾಯ ಕಾಸಿ, ಎದ್ರೇ ಕೂತು ಕುಡ್ಸಿದ್ರ್. ಮೇಲಿಂದ ಬಾಯಿಗೆ ಒಂದು ತುಂಡು ಬೆಲ್ಲ. ನಮ್ಮ ಕಡೆ ಕಷಾಯ ಕುಡ್ಸಿದವ್ರು ಬೆಲ್ಲ ಕೊಡ್ದೆ ಕಳ್ಸುದಿಲ್ಲೆ.

ಇಲ್ಲದ ಜ್ವರ ಅಲ್ಲೇ ಬಿಟ್ಟೋಯ್ತ್.

೩. ಇರುವೆ

ಕಾಲೇಜಿನ ಹೀಟರ್ ಕೆಟ್ಟಿದ್ದಿತ್. ಮನೆಲೇ ಗಿಡ ಕುದ್ಸಿ, ಆರುಕೆ ಇಟ್ಟು ಸ್ನಾನಕ್ಕೆ ಹೋದೆ. ಬಂದು ಸೋಸಿ ಬಾಟ್ಲಿಗೆ ತುಂಬ್ಸಿ, ಪ್ರಯೋಗಾಲಯಕ್ಕೆ ಹೋಗಿ ಹುಳ ಇದ್ದ ರಕ್ತಕಣಗಳಿಗೆ ಹಾಕಿದೆ. ಬಾಟ್ಲಿ ಮೇಜಿನ ಮೇಲೇ ಇಟ್ಟೆ.

ಸೋಮವಾರ ಗೈಡು ಬಂದು ಮೈಕ್ರೋಸ್ಕೋಪಲ್ಲಿ ಕಣ್ಣಿಟ್ರು. ಹುಳ ಒಂದೂ ಸಾಯ್ಲಿಲ್ಲೆ. ಹೋದ ಸಲಕ್ಕಿಂತ ಒಂಚೂರು ಮೈ ತುಂಬಿಕಂಡಿದ್ದ ಹಾಂಗೆ ಕಂಡ್ತ್.

ಗೈಡು ತಲೆ ಎತ್ತಿ ಬಾಟ್ಲಿ ಕಂಡ್ರು. ಮುಚ್ಚಳದ ಸುತ್ತ ಇರುವೆ. ಅಲ್ಲಿಂದ ಮೇಜಿನ ಕಾಲಿನ ತನಕ ಇರುವೆ.

"ಇದು ಕಿರಾತಕಡ್ಡಿಯಾ?"

"ಹೌದು ಸರ್."

"ಒಳ್ಳೇದಾಯ್ತು. ನಿಮ್ಮ ಹೊಸ ವಿಷಯ ತಾನಾಗೇ ಸಾಲು ಹಿಡಿದು ಬರ್ತಾ ಉಂಟು."

ಮನೆಗೆ ಬಂದೆ. ಅಮ್ಮ ಅಕ್ಕಿ ಆರ್ಸ್ತಾ ಕೂತಿದ್ದಿತ್.

"ಆ ಕಷಾಯಕ್ಕೆ ಎಂತಾದ್ರೂ ಹಾಕಿದ್ಯಾ?"

"ಬೆಲ್ಲ. ನೀ ಮರ್ತಿದ್ದೆ."

"ಅದು ಮನುಷ್ಯರಿಗಲ್ಲ ಅಮ್ಮ, ಹುಳಕ್ಕೆ. ಅದು ಸಾಯ್ಬೇಕಿತ್."

ಅಮ್ಮ ಒಂದು ಕಲ್ಲು ಹೆಕ್ಕಿ ಬದಿಗೆ ಬಿಸಾಡ್ತ್.

"ಸಾಯ್ಲಿ, ನಾ ಬ್ಯಾಡ ಅಂದ್ನಾ? ಸಾಯುಕೆ ಹೊರಟದ್ದನ್ನ ಬಾಯಿ ಕಹಿ ಮಾಡಿ ಕಳ್ಸುದೆಂತಕೆ ಮಾರಾಯ?"