ಮೂರನೇ ಮಹಡಿಯ ಶೌಚಾಲಯದಲ್ಲಿ ಲೆಚೆ ಫ್ಲಾನ್ ವಾಸನೆ ಬಂದ ಬಗ್ಗೆ

(ಇಲಾಖೆಯ ಹೆಸರನ್ನು ಇಲಾಖೆಯ ಮರ್ಯಾದೆಯ ದೃಷ್ಟಿಯಿಂದ ಕೈಬಿಡಲಾಗಿದೆ)

ಸಂಖ್ಯೆ: ಹೊಮುಸ/ಉಗಿ/ಪ್ರಥಮ ಯತ್ನ/01
ಸ್ಥಳ: ಇಲೋಯ್ಲೊ ನಗರ
ದಿನಾಂಕ: ಸಹಿದಾರರ ಬಟ್ಟೆ ಒಣಗಿದ ದಿನ

ಸುತ್ತೋಲೆ

ವಿಷಯ: ಉಷ್ಣಾಂಶ ನಿಯಂತ್ರಣವಿರುವ ವೇಪ್ (ಉಗಿ ಸೇದುವ) ಯಂತ್ರವನ್ನು ಜೀವನದಲ್ಲಿ ಮೊದಲ ಬಾರಿಗೆ ಬಳಸುವ ಅಧಿಕಾರಿಗಳು ಅನುಸರಿಸಬೇಕಾದ ಕ್ರಮಗಳ ಕುರಿತು.

ಉಲ್ಲೇಖ:
1. ಇದೇ ಸಹಿದಾರರು ಹೊರಡಿಸಿದ್ದ ಹಿಂದಿನ ಸುತ್ತೋಲೆ: "ಕಚೇರಿಯೊಳಗೆ ಬಾಯಿಯಿಂದ ಮಾತಿನ ಹೊರತು ಬೇರೇನನ್ನೂ ಹೊರಬಿಡತಕ್ಕದ್ದಲ್ಲ."
2. ಕಚೇರಿ ಮುಖ್ಯಸ್ಥರಾದ ಶ್ರೀಮತಿ ಎನ್ಕಾರ್ನಸಿಯೋನ್ ಸುಪ್ಲಿಡೊ ರವರು ನಡುರಸ್ತೆಯಲ್ಲಿ ನೀಡಿದ ಮೌಖಿಕ ಆದೇಶ.
3. ಯಂತ್ರದ ಬಳಕೆದಾರರ ಕೈಪಿಡಿ (ಓದಿರುವುದಿಲ್ಲ).

ಪ್ರಸ್ತಾವನೆ:

ಈ ಕಚೇರಿಯ ಪರವಾನಗಿ ಶಾಖೆಯ ಮೇಲ್ವಿಚಾರಕರೂ, ಹೊಗೆಮುಕ್ತ ಕಚೇರಿ ಸಮಿತಿಯ ಅಧ್ಯಕ್ಷರೂ ಆದ ಶ್ರೀ ನೆಮೆಸಿಯೊ ಹಲಂದೂನ್ ರವರು (ಇನ್ನು ಮುಂದೆ "ಸದರಿ ಅಧಿಕಾರಿ") ಹದಿಹರೆಯದಿಂದಲೂ ಸಿಗರೇಟು ಸೇದಿಕೊಂಡು ಬಂದಿರುತ್ತಾರೆ. ಸಮಿತಿಯ ಅಧ್ಯಕ್ಷರಾದ ಮೇಲೆ ಕಾಂಪೌಂಡಿನ ಹೊರಗೆ ನಿಂತು ಸೇದುತ್ತಿದ್ದರು. ಅಷ್ಟರಮಟ್ಟಿಗೆ ಅವರು ನಿಯಮಪಾಲಕರು. ಈ ಸುತ್ತೋಲೆಗೆ ಸಹಿ ಮಾಡುತ್ತಿರುವವರೂ ಅವರೇ ಆಗಿರುವುದರಿಂದ, ಕೆಳಗೆ ಅವರಿಗೆ ಬಳಸಲಾದ ಗೌರವಸೂಚಕ ಬಹುವಚನವನ್ನು ಕಚೇರಿ ಪದ್ಧತಿ ಎಂದಷ್ಟೇ ಓದಿಕೊಳ್ಳತಕ್ಕದ್ದು.

ತುಂಬು ಗರ್ಭಿಣಿಯಾದ ಮಗಳು ರೋವೆನಾ ಒಂದು ಭಾನುವಾರ ಊಟದ ಮೇಜಿನ ಬಳಿ, "ಅಪ್ಪಾ, ಈ ವಾಸ್ನೆ ಇಟ್ಕೊಂಡು ನನ್ ಮಗೂನ ಎತ್ಕೊಳ್ಳೋ ಆಸೆ ಬಿಟ್ಬಿಡು. ಕಿಟಕಿ ಆಚೆಯಿಂದ ನೋಡ್ಕೋ," ಎಂದು ಹೇಳಿರುತ್ತಾಳೆ. ಸದರಿ ಅಧಿಕಾರಿ ಮಾರನೆಯ ದಿನ ಬೆಳಿಗ್ಗೆ ಧ್ವಜವಂದನೆಯಾದ ಕೂಡಲೇ ಎಲ್ಲ ನೌಕರರೆದುರು, ಯಾರೂ ಕೇಳದಿದ್ದರೂ, ಸಿಗರೇಟು ಬಿಟ್ಟಿರುವುದಾಗಿ ಘೋಷಿಸಿದರು. ಚಪ್ಪಾಳೆ ಬಿದ್ದಿತು. ಮಧ್ಯಾಹ್ನದೊಳಗೆ ಇಬ್ಬರು ಗುಮಾಸ್ತರನ್ನೂ ಒಂದು ಫ್ಯಾನನ್ನೂ ಬೈದರು.

ಅವರ ಸಂಕಟ ನೋಡಲಾರದೆ ಪತ್ನಿ ಶ್ರೀಮತಿ ಕ್ರಿಸಂತಾ ರವರ ತಮ್ಮ, ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವ, ಸದ್ಯ ರಜೆಯಲ್ಲಿರುವ ಆರ್ಸೆನಿಯೊ, ಲೆಚೆ ಫ್ಲಾನ್ ಎಂಬ ಸಿಹಿತಿಂಡಿಯ ರುಚಿಯ ದ್ರವ ತುಂಬಿದ ತನ್ನದೊಂದು ಯಂತ್ರವನ್ನು ತಂದು ಕೈಗಿತ್ತನು. ಆ ವೇಳೆ ನಡೆದ ಸಂಭಾಷಣೆ ಈ ಕೆಳಗಿನಂತಿದೆ:

"ಭಾವ, ಇದು ಬೀದೀಲಿ ಹುಡುಗ್ರು ಬುಸ್ ಅನ್ನಿಸ್ಕೊಂಡು ಓಡಾಡ್ತಾರಲ್ಲ, ಅಂಥದ್ದಲ್ಲ. ಎಷ್ಟು ಬಿಸಿ ಬೇಕು ಅಂತ ನೀನು ಹೇಳು, ಅಲ್ಲಿಗೇ ನಿಲ್ಲುತ್ತೆ. ಒಳಗಿರೋ ಹತ್ತಿ ಸುಡಲ್ಲ, ಗಂಟ್ಲೂ ಸುಡಲ್ಲ. ಆದ್ರೆ ಒಂದ್ ಮಾತು. ತಂತಿ ತಣ್ಣಗಿದ್ದಾಗ್ಲೇ ಇದಕ್ಕೆ ತಂತಿ ಗುರುತು ಹಿಡಿಸ್ಬೇಕು. ಬಿಸಿ ಇದ್ದಾಗ ಹಿಡಿಸಿದ್ಯೋ, ಆ ಬಿಸೀನೇ ತಣ್ಣಗಿರೋದು ಅಂತ ನಂಬ್ಕೊಂಡು ಇನ್ನೂ ಕಾಯಿಸ್ತಾ ಹೋಗುತ್ತೆ."

"ಆಯ್ತು ಬಿಡೋ. ಇಡೀ ಊರಿನ ಪರವಾನಗಿ ನೋಡೋನು ನಾನು. ಈ ಡಬ್ಬಿ ನನಗೆ ಯಾವ ಲೆಕ್ಕ?"

ಮೇಲ್ಕಂಡ ಹಿನ್ನೆಲೆಯಲ್ಲಿ ನಡೆದ ಘಟನೆಯನ್ನು ಕೂಲಂಕಷವಾಗಿ ಪರಿಶೀಲಿಸಿ, ಎಲ್ಲರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ಪ್ರಥಮ ಪ್ರಯೋಗವನ್ನು ಊಟದ ವಿರಾಮದಲ್ಲಿ, ಮೂರನೇ ಮಹಡಿಯ ಗಂಡಸರ ಶೌಚಾಲಯದ ಕೊನೆಯ ಕೋಣೆಯಲ್ಲಿ ಮಾಡತಕ್ಕದ್ದಲ್ಲ. ಸದರಿ ಅಧಿಕಾರಿ ಅಲ್ಲಿಯೇ ಮಾಡಿದರು. ಕಾಂಪೌಂಡಿನಾಚೆ ಹೋದರೆ ಸಿಗರೇಟಿನ ಹಳೆಯ ಗೆಳೆಯರು ಸಿಗುತ್ತಾರೆಂಬ ಭಯ ಅವರಿಗಿತ್ತು.

2. ಯಂತ್ರದ ಪರದೆಯಲ್ಲಿ ಇನ್ನೂರು ಎಂದಿದ್ದ ಮಾತ್ರಕ್ಕೆ ಅದು ಸೆಲ್ಸಿಯಸ್ ಎಂದು ಭಾವಿಸುವಂತಿಲ್ಲ. ಪಕ್ಕದಲ್ಲಿ ಫ್ಯಾರನ್‌ಹೀಟ್‌ನ ಸಣ್ಣ ಗುರುತೊಂದು ಇತ್ತು. ಸದರಿ ಅಧಿಕಾರಿಯ ಕನ್ನಡಕ ಮೇಜಿನ ಮೇಲಿತ್ತು. ಆ ಬಿಸಿಗೆ ಉಗಿ ಏಳುವುದಿರಲಿ, ಚಹಾ ಕೂಡ ಸರಿಯಾಗಿ ಕುದಿಯುವುದಿಲ್ಲ. ಆದರೂ ಅವರು ಕೆನ್ನೆ ಒಳಗೆ ಹೋಗುವಂತೆ ಎಳೆದೇ ಎಳೆದರು. ಪಕ್ಕದ ಕೋಣೆಯಲ್ಲಿದ್ದ ಲೆಕ್ಕಪತ್ರ ಶಾಖೆಯ ರೊಮುಲೊ ರವರ ಹೇಳಿಕೆ: "ಯಾರೋ ಗಟ್ಟಿ ಪಾಯಸಾನ ಸ್ಟ್ರಾನಲ್ಲಿ ಎಳೀತಿದ್ದಾರೆ ಅನ್ಕೊಂಡೆ. ಬೂಟು ನೋಡಿ ಗುರುತು ಸಿಕ್ತು. 'ಮನೋಂಗ್, ಅಣ್ಣಾ, ಹುಷಾರಾಗಿದ್ದೀರಾ?' ಅಂದೆ. 'ಕಡತ ಪರಿಶೀಲನೆಯಲ್ಲಿದೆ' ಅಂದ್ರು."

3. ಉಗಿ ಬಾರದಿದ್ದಲ್ಲಿ ಕೋಪದಿಂದ ಗುಂಡಿ ಒತ್ತುತ್ತಾ ಉಷ್ಣಾಂಶವನ್ನು ಯಂತ್ರದ ಗರಿಷ್ಠ ಮಿತಿಗೆ ಏರಿಸುವುದನ್ನು ನಿಷೇಧಿಸಲಾಗಿದೆ. ಏರಿಸಿದ ಮೇಲೆ ಬಂದ ಮೊದಲ ದಮ್ಮು, ಸತ್ಯ ಹೇಳಬೇಕೆಂದರೆ, ಸ್ವರ್ಗದಂತಿತ್ತು. ಬಾಯಿತುಂಬ ಲೆಚೆ ಫ್ಲಾನ್! ಹಾಲು, ಮೊಟ್ಟೆ, ಸುಟ್ಟ ಸಕ್ಕರೆಯ ಪಾಕ. ಸದರಿ ಅಧಿಕಾರಿಯ ಕಣ್ಣಲ್ಲಿ ನೀರು ಬಂತು. ಇನ್ನು ಸಿಗರೇಟು ಬೇಡ, ಮೊಮ್ಮಗು ನನ್ನ ತೋಳಿಗೇ ಬಂತು ಎಂದುಕೊಂಡರು. ಹಾಗೆ ಅಂದುಕೊಳ್ಳುವುದನ್ನು ಈ ಸುತ್ತೋಲೆಯಿಂದ ನಿಷೇಧಿಸಿರುವುದಿಲ್ಲ.

4. ಯಂತ್ರವು ಕೇಳುವ ಪ್ರಶ್ನೆಗೆ, ಪ್ರಶ್ನೆಯನ್ನು ಓದಿದ ನಂತರವೇ ಉತ್ತರಿಸತಕ್ಕದ್ದು. ದ್ರವದ ಬುಡ್ಡಿ ಸಡಿಲವಾಗಿದೆಯೆಂದು ಸದರಿ ಅಧಿಕಾರಿ ಅದನ್ನು ಬಿಚ್ಚಿ, ತಂತಿ ಇನ್ನೂ ಕಾದಿರುವಾಗಲೇ ಮತ್ತೆ ತಿರುಗಿಸಿ ಕೂರಿಸಿದರು. "ಇದು ಹೊಸ ತಂತಿಯೇ?" ಎಂದು ಯಂತ್ರ ಕೇಳಿತು. ಕೇಳಿದ್ದಕ್ಕೆಲ್ಲ "ಹೌದು" ಎಂದು ಒತ್ತುವುದು ಸರ್ಕಾರಿ ಸೇವೆಯಲ್ಲಿ ಬೆಳೆದುಬಂದ ಅಭ್ಯಾಸ. ಒತ್ತಿದರು. ಅಲ್ಲಿಗೆ ಭಾವಮೈದುನ ಹೇಳಿದ್ದೇ ಆಯಿತು. ಕಾದ ತಂತಿಯನ್ನು ತಣ್ಣನೆಯದೆಂದು ನಂಬಿದ ಯಂತ್ರ, ಇನ್ನಷ್ಟು ಕಾಯಿಸಲು ಪ್ರಾಮಾಣಿಕವಾಗಿ ದುಡಿಯತೊಡಗಿತು.

5. ಎರಡನೆಯ ದಮ್ಮಿನ ವಿವರಗಳನ್ನು ಸಂಕ್ಷಿಪ್ತಗೊಳಿಸಲಾಗಿದೆ. ಹತ್ತಿ ಸುಟ್ಟಿತು. ಗಂಟಲೂ ಸುಟ್ಟಿತು. ಹೊರಬಂದ ಮೋಡ ಬಾಗಿಲಿನ ಮೇಲಿಂದ ಉರುಳಿ ಸೂರಿನ ಕೆಳಗೆ ಹರಡಿ, ಹೊಗೆ ಪತ್ತೆ ಮಾಡುವ ಗಂಟೆಯನ್ನು ಬಾರಿಸಿತು. ಆ ಗಂಟೆಯನ್ನು ಹಾಕಿಸಬೇಕೆಂದು ಹೋರಾಡಿದ ಸಮಿತಿಯ ಅಧ್ಯಕ್ಷರ ಹೆಸರನ್ನು ಇಲ್ಲಿ ಮತ್ತೊಮ್ಮೆ ಹೇಳುವ ಅಗತ್ಯ ಕಂಡುಬರುವುದಿಲ್ಲ.

6. ಅಗ್ನಿ ಸುರಕ್ಷತಾ ಸ್ವಯಂಸೇವಕರು ಬಕೆಟ್ ನೀರನ್ನು ಬಾಗಿಲಿನ ಮೇಲಿಂದ ಸುರಿಯುವ ಮುನ್ನ ಒಳಗಿರುವವರ ಹೆಸರು ಮತ್ತು ಹುದ್ದೆಯನ್ನು ವಿಚಾರಿಸತಕ್ಕದ್ದು. ತೆರಿಗೆ ಶಾಖೆಯ ಪೊರ್ಫಿರಿಯೊ ರವರು, "ಒಳಗ್ ಯಾರು?" ಎಂದು ವಿಚಾರಿಸಿದ್ದು ನಿಜ. "ಹಲಂದೂನ್!" ಎಂಬ ಉತ್ತರ ಕೆಮ್ಮಿನ ನಡುವೆ ಬಂದದ್ದೂ ನಿಜ. ಆದರೆ ಹೆಸರು ಕೇಳಿದ ಮೇಲೆ ಎರಡನೆಯ ಬಕೆಟ್ ತರುವಂತಿಲ್ಲ. ಸದರಿ ಅಧಿಕಾರಿಯನ್ನು ಸಂಪೂರ್ಣವಾಗಿ ನಂದಿಸಲಾಯಿತು.

7. ಕಟ್ಟಡದಿಂದ ತೆರವುಗೊಂಡು ರಸ್ತೆಯಲ್ಲಿ ನಿಂತ ನೌಕರರೂ ಸಾರ್ವಜನಿಕರೂ ಗಾಳಿಯನ್ನು ಮೂಸಿ, "ಯಾರ ಹುಟ್ಟಿದಬ್ಬ?" ಎಂದು ವಿಚಾರಿಸತಕ್ಕದ್ದಲ್ಲ. ಮೀನಿನಂಗಡಿ ಪರವಾನಗಿಗೆ ಬಂದಿದ್ದ ಹೆಂಗಸೊಬ್ಬರು ಚಮಚ ಕೇಳಿದ್ದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

8. ಮುಖ್ಯಸ್ಥರ ಪ್ರಶ್ನೆಗಳಿಗೆ ಈ ಕೆಳಗಿನಂತೆ ಉತ್ತರಿಸತಕ್ಕದ್ದಲ್ಲ:

"ಹಲಂದೂನ್, ಏನ್ರೀ ಇದು?"

"ಉಗಿ, ಮೇಡಂ."

"ಹೊಗೆಮುಕ್ತ ಸಮಿತಿಗೆ ಅಧ್ಯಕ್ಷರು ಯಾರು?"

"ನಾನೇ, ಮೇಡಂ. ಆದ್ರೆ ಇದು ಹೊಗೆ ಅಲ್ಲ..."

"ನಿಮ್ ಮೀಸೆ ಇನ್ನೂ ಹೊಗೆ ಆಡ್ತಿದೆ. ಇದನ್ನೆಲ್ಲಾ ಒಂದ್ ಸುತ್ತೋಲೆ ಮಾಡಿ. ಎಲ್ಲಾ ಶಾಖೆಗೂ ಹೋಗ್ಬೇಕು. ನೀವೇ ಸಹಿ ಹಾಕ್ಬೇಕು."

ಹತ್ತಿ ಸುಟ್ಟಿದ್ದು ಆಮೇಲೆ ದೃಢಪಟ್ಟಿರುವುದರಿಂದ, "ಉಗಿ" ಎಂಬ ಉತ್ತರವನ್ನು ಹಿಂಪಡೆಯಲಾಗಿದೆ.

9. ಇಷ್ಟರಲ್ಲಿ ಸದರಿ ಅಧಿಕಾರಿಯ ಒದ್ದೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪತ್ನಿಯವರು, "ಎಲ್ಲಿದ್ದೀರಿ? ರೋವೆನಾಗೆ ನೋವು ಶುರುವಾಯ್ತು, ಆಸ್ಪತ್ರೆಗೆ ಬನ್ನಿ!" ಎಂದರು. ರಜೆ ಅರ್ಜಿ ಇಲ್ಲದೆ, ಮೇಲಧಿಕಾರಿಗೆ ಬೆನ್ನು ತೋರಿಸಿ, ನೀರು ತೊಟ್ಟಿಕ್ಕಿಸುತ್ತಾ ಜೀಪ್ನಿ ಬಸ್ಸು ಹತ್ತಿ ಹೋಗುವುದು ಸೇವಾ ನಿಯಮಗಳಿಗೆ ವಿರುದ್ಧ. ಜೀಪ್ನಿಯಲ್ಲಿ ಇವರ ಎರಡೂ ಪಕ್ಕದ ಸೀಟುಗಳು ಖಾಲಿಯಾಗಿಯೇ ಉಳಿದವು.

10. ಸಂಜೆಗೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಕ್ಷೇಮ. ಸದರಿ ಅಧಿಕಾರಿ ಎರಡೂ ಕೈ ಚಾಚಿಕೊಂಡು ಬಾಗಿಲಲ್ಲಿ ನಿಂತರು. ರೋವೆನಾ ಮಲಗಿದ್ದಲ್ಲಿಂದಲೇ ಮೂಗರಳಿಸಿದಳು.

"ಸಿಗರೇಟ್ ವಾಸ್ನೆ ಇಲ್ಲ," ಎಂದಳು. ಅವರಿಗೆ ಜೀವ ಬಂದಂತಾಯಿತು. "ಆದ್ರೆ ಬೇಕರಿಗೆ ಬೆಂಕಿ ಬಿದ್ದಂಗಿದೆ. ಏನಪ್ಪಾ ಇದು?"

"ಅದು ಸಿಗರೇಟಲ್ಲ ಮಗಳೇ. ಬಿಸಿಗೆ ಇಷ್ಟೇ ಅಂತ ಹದ ಇರುತ್ತೆ, ಯಂತ್ರ..."

"ಯಂತ್ರಕ್ಕೆ ಹದ ಇದ್ರೆ ಸಾಕಾ? ಇವಳ ಮೂಗಿಗೆ ಎಲ್ಲಾ ಒಂದೇ. ನೀನು ಬಿಟ್ಟೆ ಅಂತ ಹೇಳ್ದಾಗ ನಾನು ಅತ್ತಿದ್ದೆ, ಗೊತ್ತಾ?"

ಈ ಪ್ರಶ್ನೆಗೆ ಉತ್ತರವಾಗಿ ಒತ್ತಲು ಸದರಿ ಅಧಿಕಾರಿಯ ಕೈಯಲ್ಲಿ ಯಾವ ಗುಂಡಿಯೂ ಇರಲಿಲ್ಲ. ಹೊರಗೆ ಬಂದು, ಕಾರಿಡಾರಿನಲ್ಲಿದ್ದ ಆರ್ಸೆನಿಯೊ ಕೈಗೆ ಯಂತ್ರವನ್ನು ಹಿಂದಿರುಗಿಸಿದರು. "ಹತ್ತಿ ಸುಟ್ಟೋಯ್ತಾ ಭಾವ?" ಎಂದು ಅವನು ಕೇಳಿದ್ದಕ್ಕೆ, "ಹತ್ತಿ ಮಾತ್ರ ಅಲ್ಲ," ಎಂದರು. ಆಸ್ಪತ್ರೆಯ ನಲ್ಲಿಯ ಕೆಳಗೆ ಬಟ್ಟೆ ಒಗೆಯುವ ಸೋಪಿನಿಂದ ಮೀಸೆ ಸಮೇತ ತಿಕ್ಕಿ ಸ್ನಾನ ಮಾಡಿ, ಅಳಿಯನ ಅಂಗಿ ತೊಟ್ಟು ಮತ್ತೆ ಬಾಗಿಲಲ್ಲಿ ನಿಂತರು. ಕ್ರಿಸಂತಾ ಹತ್ತಿರ ಬಂದು ಕುತ್ತಿಗೆ ಮೂಸಿ ನೋಡಿ, ಒಳಗೆ ಬಿಟ್ಟರು.

11. ಮಗು ಸದರಿ ಅಧಿಕಾರಿಯ ಎದೆಯ ಮೇಲೆ ಮಲಗಿರುವಾಗಲೇ ಸಿಗರೇಟಿನ ಆಸೆ ಎಂದಿನಂತೆ ಬಂದು ಬಾಗಿಲು ತಟ್ಟಿತು. ಸದರಿ ಆಸೆಗೆ, "ಮಗು ಮಲಗಿದೆ, ನಾಳೆ ಬನ್ನಿ" ಎಂದು ಹಿಂಬರಹ ನೀಡಿ ಕಳುಹಿಸಲಾಯಿತು. ಮಾರನೆಯ ದಿನವೂ ಬಂದಿತು. ಹಿಂಬರಹವನ್ನು ಪುನಃ ನೀಡಲಾಗಿದೆ. ಅರ್ಜಿದಾರರನ್ನು ಅಲೆದಾಡಿಸುವುದರಲ್ಲಿ ಈ ಶಾಖೆಗಿರುವ ದೀರ್ಘ ಅನುಭವ ಇದೇ ಮೊದಲ ಬಾರಿಗೆ ಒಂದು ಸತ್ಕಾರ್ಯಕ್ಕೆ ಬಳಕೆಯಾಗುತ್ತಿದೆಯೆಂದು ಈ ಮೂಲಕ ತಿಳಿಸಲಾಗಿದೆ.

(ಸಹಿ)
ನೆಮೆಸಿಯೊ ಹಲಂದೂನ್
ಮೇಲ್ವಿಚಾರಕರು, ಪರವಾನಗಿ ಶಾಖೆ
ಅಧ್ಯಕ್ಷರು, ಹೊಗೆಮುಕ್ತ ಕಚೇರಿ ಸಮಿತಿ (ಮುಂದಿನ ಆದೇಶದವರೆಗೆ)

ಪ್ರತಿಗಳು:
1. ಕಚೇರಿ ಮುಖ್ಯಸ್ಥರಿಗೆ, ಆದೇಶ ಪಾಲನೆಯಾದ ಬಗ್ಗೆ.
2. ಶ್ರೀ ಪೊರ್ಫಿರಿಯೊ, ತೆರಿಗೆ ಶಾಖೆ, ಬಕೆಟನ್ನು ಯಥಾಸ್ಥಾನದಲ್ಲಿ ಇಡಲು ಕೋರಿ.
3. ಶ್ರೀ ಆರ್ಸೆನಿಯೊ ರವರಿಗೆ, ಮುಂದಿನ ಹಡಗಿನ ವಿಳಾಸಕ್ಕೆ.
4. ಶ್ರೀಮತಿ ಕ್ರಿಸಂತಾ ರವರಿಗೆ. ಅವರಿಗೆ ಎಲ್ಲವೂ ಮೊದಲೇ ಗೊತ್ತಿರುವುದರಿಂದ, ಮಾಹಿತಿಗಾಗಿ ಅಲ್ಲ.
5. ಕುಮಾರಿ (ನಾಮಕರಣ ಬಾಕಿ ಇದೆ), ಓದಲು ಬಂದ ನಂತರ.